ಮಂಡಿ ಟೈರಲ್ಲ

(ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹಿರಿಯ ನಾಗರಿಕರ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಮಂಡಿನೋವಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಸಭಾಭವನಕ್ಕೆ ಒಂಬತ್ತು ಮೆಟ್ಟಿಲುಗಳಿವೆ. ನೀವು ಒಬ್ಬೊಬ್ಬರಾಗಿ ಹತ್ತಿ ಬರುವಾಗ ನಾನು ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದೆ ನಿಜ, ಆದರೆ ನೋಡುತ್ತಿದ್ದದ್ದು ನಿಮ್ಮ ಮುಖವನ್ನಲ್ಲ, ಮಂಡಿಗಳನ್ನು. ಯಾರು ಕಂಬಿ ಹಿಡಿದರು, ಯಾರು ಪ್ರತಿ ಮೆಟ್ಟಿಲಿನಲ್ಲೂ ಎರಡೂ ಪಾದ ಕೂಡಿಸಿ ನಿಂತರು, ಯಾರು ಒಂದೇ ಕಾಲನ್ನು ಮತ್ತೆ ಮತ್ತೆ ಮುಂದಿಟ್ಟರು ಎಂದು ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತು ವರ್ಷದ ಚಾಳಿ. ಮದುವೆಮನೆಗಳಲ್ಲೂ ಹೀಗೆಯೇ ನೋಡುತ್ತೇನೆ ಎಂದು ಮನೆಯವರು ಬೈಯುವುದುಂಟು.

ನಿಮ್ಮಲ್ಲಿ ಅನೇಕರ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿದೆ. ಅದರೊಳಗೆ ಎಕ್ಸ್‌ರೇ ಇದೆ ಎಂದೂ ನನಗೆ ಗೊತ್ತು. ದಯವಿಟ್ಟು ಅದನ್ನು ಕುರ್ಚಿಯ ಕೆಳಗಿಡಿ. ಇವತ್ತು ಯಾರ ಎಕ್ಸ್‌ರೇಯನ್ನೂ ನಾನು ನೋಡುವುದಿಲ್ಲ. ಅದು ಬೇಡವೆಂದಲ್ಲ. ಅದನ್ನು ನೋಡಿದ ಕೂಡಲೇ ನಮ್ಮ ಮಾತೆಲ್ಲ ಒಂದು ಪದದ ಸುತ್ತ ಗಿರಕಿ ಹೊಡೆಯಲು ಶುರುವಾಗುತ್ತದೆ. ಆ ಪದ 'ಸವೆತ'.

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದ ಮನೆಯೊಂದರಿಂದ ಐವತ್ತೆಂಟರ ಹೆಂಗಸೊಬ್ಬರು ನನ್ನಲ್ಲಿಗೆ ಬಂದರು. ಜೊತೆಗೆ ಮಗನಿದ್ದ. ಆಕೆ ಕೂರುವ ಮೊದಲೇ ಹೇಳಿದ ಮಾತು: "ನನ್ನ ಎರಡೂ ಮಂಡಿ ಸವೆದುಹೋಗಿದೆ, ಗ್ಯಾಪೇ ಇಲ್ಲವಂತೆ." ಯಾರು ಹೇಳಿದರು ಎಂದರೆ ಎಕ್ಸ್‌ರೇ ತೆಗೆದಲ್ಲಿ ಹೇಳಿದರು. ಎಲುಬುಗಳ ನಡುವಿನ ಸಂದು ಮುಚ್ಚಿ ಎಲುಬಿಗೆ ಎಲುಬು ಉಜ್ಜುತ್ತಿದೆ, ಆದಷ್ಟು ಕಡಿಮೆ ಓಡಾಡಿ, ಇರುವಷ್ಟನ್ನು ಉಳಿಸಿಕೊಳ್ಳಿ ಎಂದಿದ್ದರಂತೆ. ಆಕೆ ಶ್ರದ್ಧೆಯಿಂದ ಉಳಿಸಿಕೊಂಡರು. ತೋಟಕ್ಕೆ ಇಳಿಯುವುದು ಬಿಟ್ಟರು, ಆಮೇಲೆ ಕೊಟ್ಟಿಗೆಗೆ ಹೋಗುವುದು, ಆಮೇಲೆ ಅಂಗಳ. ಎರಡು ವರ್ಷದಲ್ಲಿ ತೂಕ ಒಂಬತ್ತು ಕಿಲೋ ಏರಿತು. ನೋವು ಕಡಿಮೆಯಾಯಿತೇ ಎಂದರೆ ಮಗನೇ ನಕ್ಕುಬಿಟ್ಟ.

ಆ ಸಲಹೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಸಿಟ್ಟು ಆ ಪದದ ಮೇಲೆ. ಸವೆಯುವುದು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಟೈರು, ಚಪ್ಪಲಿ, ಒರಳುಕಲ್ಲು. ಬಳಸಿದಷ್ಟೂ ಮುಗಿಯುವ ವಸ್ತುಗಳು. ಹಾಗಿದ್ದಮೇಲೆ ಬಳಸದೆ ಇಟ್ಟರೆ ಉಳಿಯಬೇಕಲ್ಲ? ಈ ತರ್ಕ ಟೈರಿಗೆ ಸರಿ. ಮಂಡಿಗೆ ಸರಿಯಲ್ಲ, ಏಕೆಂದರೆ ಮಂಡಿ ಜೀವಂತ.

ಎಲುಬಿನ ತುದಿಗೆ ನುಣ್ಣಗೆ ಅಂಟಿಕೊಂಡಿರುವ ಮೃದ್ವಸ್ಥಿಯನ್ನು ನೋಡಿ. ಕೆಲವೇ ಮಿಲಿಮೀಟರ್ ದಪ್ಪ. ದೇಹದಲ್ಲೇ ಅತಿ ದಪ್ಪನೆಯ ಮೃದ್ವಸ್ಥಿ ಇರುವುದು ನಮ್ಮ ಮಂಡಿಚಿಪ್ಪಿನ ಹಿಂಬದಿಯಲ್ಲಿ. ಇದಕ್ಕೆ ರಕ್ತನಾಳಗಳಿಲ್ಲ. ಹಾಗಾದರೆ ಊಟ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಆ ದ್ರವ ತಾನಾಗಿ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಒತ್ತಿ ಬಿಟ್ಟಾಗ ನೀರು ಹೊರಬಂದು ಮತ್ತೆ ಒಳಗೆ ಹೋಗುವುದಿಲ್ಲವೇ, ಹಾಗೆ ನೀವು ಕಾಲೂರಿದಾಗ ಒತ್ತಬೇಕು, ಕಾಲೆತ್ತಿದಾಗ ಬಿಡಬೇಕು. ನಡೆದರೆ ಮಂಡಿ ಉಣ್ಣುತ್ತದೆ. ಕುರ್ಚಿಯಲ್ಲಿ ಜೋಪಾನ ಮಾಡಿದ ಮಂಡಿ ಉಪವಾಸ ಬೀಳುತ್ತದೆ.

ಮೃದ್ವಸ್ಥಿಗೆ ನರಗಳೂ ಇಲ್ಲ. ಹಾಗಾಗಿ ಅದು ತೆಳುವಾದದ್ದು ತಾನೇ ನೋಯಲಾರದು. ನೋವು ಬರುವುದು ಅದರ ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆಯಿಂದ, ಚಿಪ್ಪಿನ ಕೆಳಗಿನ ಕೊಬ್ಬಿನ ಮೆತ್ತೆಯಿಂದ, ಸುತ್ತಲಿನ ಸ್ನಾಯುಗಳಿಂದ. ಇವುಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಎಕ್ಸ್‌ರೇಯಲ್ಲಿ ಗ್ಯಾಪ್ ಕಡಿಮೆ ಕಂಡವರು ಗುಡ್ಡ ಹತ್ತುತ್ತಿರುತ್ತಾರೆ, ಚೆನ್ನಾಗಿ ಗ್ಯಾಪ್ ಇರುವವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿರುತ್ತಾರೆ. ಇದು ನನ್ನ ಅನುಭವ ಮಾತ್ರವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಐವತ್ತು ದಾಟಿದ 710 ಜನರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದರು. ಇವರೆಲ್ಲ ಎಕ್ಸ್‌ರೇಯಲ್ಲಿ ಸವೆತದ ಲಕ್ಷಣ ಇಲ್ಲದವರು. ಆದರೂ ನೂರಕ್ಕೆ 89 ಮಂದಿಯಲ್ಲಿ ಏನಾದರೊಂದು ಬದಲಾವಣೆ ಕಂಡಿತು, ನೋವಿದ್ದವರಲ್ಲೂ ಇಲ್ಲದವರಲ್ಲೂ. 2012ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ನಾನು ಹೆದರಿ ಬಂದವರಿಗೆಲ್ಲ ಹೇಳುತ್ತೇನೆ. ತಲೆಕೂದಲು ಬೆಳ್ಳಗಾದದ್ದನ್ನು ನಾವು ರೋಗ ಎನ್ನುವುದಿಲ್ಲವಲ್ಲ.

ಹಾಗೆಂದು ಮಂಡಿನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಕುಯ್ಯೆನ್ನುವ ನೋವನ್ನು ಕಂಡವರಿಗೇ ಗೊತ್ತು. ಆದರೆ ಎಲ್ಲಿ ಕೆಲಸ ಮಾಡಬೇಕು ಎಂಬುದು ಮುಖ್ಯ. ತೆಳುವಾದ ಮೃದ್ವಸ್ಥಿಯನ್ನು ಮತ್ತೆ ದಪ್ಪ ಮಾಡುವ ವಿದ್ಯೆ ನನ್ನಲ್ಲಿಲ್ಲ. ತೊಡೆಯನ್ನು ದಪ್ಪ ಮಾಡುವ ವಿದ್ಯೆ ಇದೆ.

ಆ ಅಡಿಕೆ ತೋಟದ ಅಮ್ಮನನ್ನು ಮಲಗಿಸಿ ನಾನು ಮೊದಲು ತೆಗೆದದ್ದು ಟೈಲರ್ ಟೇಪು. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳನ್ನು ಅಳೆದೆ. ಹೆಚ್ಚು ನೋಯುವ ಬಲಗಾಲು ಎರಡು ಸೆಂಟಿಮೀಟರ್ ಸಣ್ಣದಾಗಿತ್ತು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳು ಒಂದಾಗಿ ಚಿಪ್ಪನ್ನು ಹಿಡಿದು ಮಂಡಿಯನ್ನು ನೆಟ್ಟಗೆ ಮಾಡುತ್ತವೆ. ಇಳಿಯುವಾಗ ದೇಹದ ಭಾರವನ್ನು ಮೆಲ್ಲಗೆ ಕೆಳಗಿಳಿಸುವುದೂ ಇವೇ, ಜೀಪಿಗೆ ಬ್ರೇಕು ಇದ್ದ ಹಾಗೆ. ಮಂಡಿಯಲ್ಲಿ ನೀರು ತುಂಬಿ ಊತ ಬಂದರೆ, ಈ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನೇ ದೇಹ ತಗ್ಗಿಸಿಬಿಡುತ್ತದೆ. ನೀವು ಸೋಮಾರಿತನ ಮಾಡಬೇಕಾಗಿಲ್ಲ, ಅದು ತಾನಾಗಿ ಸೊರಗುತ್ತದೆ. ಸೊರಗಿದ ತೊಡೆ ಬ್ರೇಕು ಹಿಡಿಯುವುದಿಲ್ಲ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ಕೀಲು ಮತ್ತೆ ನೋಯುತ್ತದೆ. ನಿಮ್ಮಲ್ಲಿ ಎಷ್ಟೋ ಜನರಿಗೆ ಘಟ್ಟ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಈಗ ಒಂದು ಸಣ್ಣ ಪರೀಕ್ಷೆ. ಅಂಚಿನಲ್ಲಿ ಕೂತವರು ಕುರ್ಚಿಯನ್ನು ಗೋಡೆಗೆ ಒತ್ತಿಕೊಳ್ಳಿ, ಈ ಪ್ಲಾಸ್ಟಿಕ್ ಕುರ್ಚಿಗಳನ್ನು ನಾನು ನಂಬುವುದಿಲ್ಲ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಪೂರ್ತಿ ಎದ್ದು ನಿಂತು ಮತ್ತೆ ಕೂರಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ತಲೆ ತಿರುಗುವವರು, ಎದೆನೋವಿನವರು ಬೇಡ.

(ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎದ್ದು ಕೂತರು. ನಗು, ಕುರ್ಚಿಗಳ ಸದ್ದು.)

ಅರವತ್ತರಿಂದ ಅರವತ್ನಾಲ್ಕರೊಳಗಿನ ಹೆಂಗಸರು 12ಕ್ಕಿಂತ ಕಡಿಮೆ, ಗಂಡಸರು 14ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಸಾಲದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿ ಹೇಳುತ್ತದೆ. ಎಪ್ಪತ್ತರಿಂದ ಎಪ್ಪತ್ನಾಲ್ಕರ ಹೆಂಗಸರಿಗೆ ಆ ಗಡಿ 10, ಗಂಡಸರಿಗೆ 12. ನಿಮ್ಮ ಸಂಖ್ಯೆಯನ್ನು ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಮೇಲೆ ಬರೆಯಿರಿ. ಎಕ್ಸ್‌ರೇಗಿಂತ ಆ ಅಂಕಿ ನನಗೆ ಹೆಚ್ಚು ಹೇಳುತ್ತದೆ, ಮತ್ತು ಅದು ಬದಲಾಗುವ ಅಂಕಿ.

ಇನ್ನು ಕರೆಂಟಿನ ವಿಷಯ. ನಮ್ಮನ್ನು ಈ ಕಡೆ 'ಕರೆಂಟು ಕೊಡುವ ಡಾಕ್ಟರು' ಎಂದೇ ಗುರುತಿಸುತ್ತಾರೆ. ಫಿಸಿಯೋಥೆರಪಿ ಎಂದರೆ ಮಂಚದ ಮೇಲೆ ಮಲಗುವುದು, ಮಂಡಿಗೆ ಬಿಲ್ಲೆ ಅಂಟಿಸುವುದು, ಜುಮುಜುಮು ಎನ್ನುವುದು, ಹದಿನೈದು ನಿಮಿಷಕ್ಕೆ ಗಂಟೆ ಹೊಡೆಯುವುದು. ಈ ಕಲ್ಪನೆಯನ್ನು ಬೆಳೆಸಿದ್ದು ನಾವೇ. ಓದು ಮುಗಿಸಿದ ಹೊಸದರಲ್ಲಿ ನಾನು ಒಂದು ಕಡೆ ಕೆಲಸಕ್ಕಿದ್ದೆ. ಅಲ್ಲಿ ಹತ್ತು ದಿನದ ಪ್ಯಾಕೇಜು ಇತ್ತು. ಬಿಸಿ ಶಾಖ, ಕರೆಂಟು, ಅಲ್ಟ್ರಾಸೌಂಡು. ವ್ಯಾಯಾಮವೆಂದರೆ ಕೊನೆಯ ಎರಡು ನಿಮಿಷ, ಒಂದು ಜೆರಾಕ್ಸ್ ಹಾಳೆ. ಬಂದವರು ಮಲಗಿ ಸುಖವಾಗಿ ನಿದ್ದೆ ಹೋಗುತ್ತಿದ್ದರು. ಎದ್ದಾಗ ಹಗುರ ಎನ್ನುತ್ತಿದ್ದರು. ಹನ್ನೊಂದನೆಯ ದಿನ ಬರುತ್ತಿರಲಿಲ್ಲ. ಮೂರು ತಿಂಗಳ ಮೇಲೆ ಅದೇ ಮಂಡಿ ಹಿಡಿದು ಮತ್ತೆ ಬರುತ್ತಿದ್ದರು. ಗಿರಾಕಿ ಮರಳಿ ಬರುವುದು ಹೋಟೆಲಿಗೆ ಶೋಭೆ, ಚಿಕಿತ್ಸೆಗೆ ಅಲ್ಲ ಎಂದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಗೆ ಚಿಕಿತ್ಸೆಯ ನಿಯಮಗಳನ್ನು ರೂಪಿಸುವ ನೈಸ್ ಎಂಬ ಸಂಸ್ಥೆಯಿದೆ. ಕೀಲು ಸವೆತದ ಬಗ್ಗೆ 2022ರ ಅಕ್ಟೋಬರಿನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನು ಎಲ್ಲರಿಗೂ ಕೊಡಬೇಕಾದ ಮುಖ್ಯ ಚಿಕಿತ್ಸೆ ಎಂದಿದೆ. ಕರೆಂಟು, ಅಲ್ಟ್ರಾಸೌಂಡ್, ಲೇಸರ್ ಇವುಗಳನ್ನು ಕೊಡಬೇಡಿ ಎಂದೇ ಬರೆದಿದೆ, ಲಾಭಕ್ಕೆ ತಕ್ಕ ಪುರಾವೆ ಇಲ್ಲವೆಂದು. ನಲವತ್ತೈದು ದಾಟಿದವರಿಗೆ ಓಡಾಡಿದಾಗ ನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಸಡಿಲವಾಗುತ್ತಿದ್ದರೆ, ಬೇರೆ ಅನುಮಾನಗಳಿಲ್ಲದಾಗ ಎಕ್ಸ್‌ರೇ ಇಲ್ಲದೆಯೇ ಇದು ಸವೆತದ ನೋವು ಎಂದು ತೀರ್ಮಾನಿಸಬಹುದು ಎಂದೂ ಹೇಳಿದೆ. ಆ ಪ್ಲಾಸ್ಟಿಕ್ ಚೀಲವನ್ನು ಕುರ್ಚಿಯ ಕೆಳಗಿಡಿ ಎಂದೆನಲ್ಲ, ಅದು ನನ್ನ ಉಡಾಫೆಯಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ಕರೆಂಟಿನ ಮಷೀನು ಈಗಲೂ ಇದೆ. ಸುಳ್ಳೇಕೆ ಹೇಳಲಿ? ನೋವಿನಿಂದ ಕಾಲೆತ್ತಲೂ ಆಗದವರಿಗೆ ಒಂದೆರಡು ದಿನ ಹಚ್ಚುತ್ತೇನೆ, ಆ ಸಮಾಧಾನದಲ್ಲಿ ವ್ಯಾಯಾಮ ಶುರು ಮಾಡಿಸಲು. ಬಿಸಿನೀರಿನ ಚೀಲವೂ ಅಷ್ಟೇ ಕೆಲಸ ಮಾಡುತ್ತದೆ. ಆದರೆ ಬರಿಯ ವ್ಯಾಯಾಮ ಹೇಳಿಕೊಟ್ಟರೆ "ಇದಕ್ಕೂ ದುಡ್ಡೇ?" ಎಂದು ಕೇಳುವವರಿದ್ದಾರೆ. ಮಷೀನಿಗೆ ಕೊಡುವಾಗ ಯಾರೂ ಚೌಕಾಸಿ ಮಾಡುವುದಿಲ್ಲ.

ಸರಿ, ಮಾಡಬೇಕಾದದ್ದೇನು? ಆ ಅಮ್ಮನಿಗೆ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ನಿಮ್ಮ ಮಂಡಿ ಬೇರೆ, ಆಕೆಯ ಮಂಡಿ ಬೇರೆ ಎಂಬುದು ನೆನಪಿರಲಿ. ಒಬ್ಬರು ನೋಡಿ ಹೇಳಿಕೊಟ್ಟರೆ ಒಳ್ಳೆಯದು.

ಮೊದಲ ವಾರ ಹಾಸಿಗೆಯ ಮೇಲೆ. ಕಾಲು ಚಾಚಿ ಕೂತು ಮಂಡಿಯ ಹಿಂದೆ ಸುರುಳಿ ಸುತ್ತಿದ ಟವೆಲು ಇಡಬೇಕು. ತೊಡೆ ಬಿಗಿ ಮಾಡಿ ಮಂಡಿಯಿಂದ ಟವೆಲನ್ನು ಹಾಸಿಗೆಗೆ ಒತ್ತಬೇಕು. ಐದು ಎಣಿಸಿ ಬಿಡಬೇಕು. ಹತ್ತು ಸಲ. ಚಿಪ್ಪು ಸ್ವಲ್ಪ ಮೇಲಕ್ಕೆ ಜಾರುವುದು ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ನೀವು ಒತ್ತುತ್ತಿರುವುದು ಸೊಂಟದಿಂದ, ತೊಡೆಯಿಂದಲ್ಲ. ಆಕೆಗೆ ಮೊದಲ ದಿನ ಬಲಗಾಲಿನ ಚಿಪ್ಪು ಅಲುಗಲೇ ಇಲ್ಲ. ತೊಡೆಯ ಮೇಲೆ ಬೆರಳಿಟ್ಟು "ಇಲ್ಲಿ ಗಟ್ಟಿ ಮಾಡಿ" ಎಂದು ಮೂರು ದಿನ ಹೇಳಬೇಕಾಯಿತು. ನಾಲ್ಕನೆಯ ದಿನ ಅಲುಗಿತು. ಆಮೇಲೆ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೇರವಾಗಿ ಒಂದಡಿ ಎತ್ತಿ ಐದು ಎಣಿಸಿ ಇಳಿಸುವುದು.

ಎಷ್ಟೋ ಜನ ಇಲ್ಲಿಗೇ ನಿಂತುಬಿಡುತ್ತಾರೆ. ಹಾಸಿಗೆಯ ಮೇಲೆ ಕಾಲೆತ್ತುವುದನ್ನು ಎರಡು ವರ್ಷ ಮಾಡಿದವರನ್ನು ಕಂಡಿದ್ದೇನೆ, ವ್ಯಾಯಾಮದಿಂದ ಏನೂ ಆಗಲಿಲ್ಲ ಎಂದು ಅವರ ದೂರು. ಒಂದನೇ ಕ್ಲಾಸಿನಲ್ಲಿ ಹತ್ತು ವರ್ಷ ಕೂತರೆ ಎಸ್ಸೆಸ್ಸೆಲ್ಸಿ ಆಗುವುದಿಲ್ಲ. ಸ್ನಾಯು ಬಲಿಯಬೇಕಾದರೆ ಭಾರ ಏರಬೇಕು. ಎರಡನೆಯ ವಾರಕ್ಕೆ ಆಕೆಯನ್ನು ಕುರ್ಚಿಗೆ ತಂದೆ. ಕೈ ಊರದೆ ಏಳುವುದು, ಮೂರು ಎಣಿಸುತ್ತ ಮೆಲ್ಲಗೆ ಕೂರುವುದು. ಧೊಪ್ಪನೆ ಕೂತರೆ ಲೆಕ್ಕಕ್ಕಿಲ್ಲ. ಕೂರುವುದರಲ್ಲೇ ಬ್ರೇಕಿನ ಅಭ್ಯಾಸ ಇರುವುದು. ಮೊದಲು ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿದೆವು, ವಾರ ಕಳೆದ ಮೇಲೆ ದಿಂಬು ತೆಗೆದೆವು. ನಂತರ ನಾಲ್ಕು ಇಂಚಿನ ಮಣೆ ಹತ್ತಿ ಇಳಿಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮಗ್ಗುಲಲ್ಲಿ ಮಲಗಿ ಮೇಲಿನ ಕಾಲನ್ನು ಎತ್ತುವುದು. ಈ ಕೊನೆಯದು ಮಂಡಿಗಲ್ಲ, ಪೃಷ್ಠದ ಪಕ್ಕದ ಸ್ನಾಯುವಿಗೆ. ಅದು ಸೋತರೆ ನಡೆಯುವಾಗ ಸೊಂಟ ಓಲಾಡಿ ಮಂಡಿ ಒಳಗಡೆ ವಾಲುತ್ತದೆ. ಆರನೆಯ ವಾರ ಅವರು ಎರಡು ಕೈಯಲ್ಲೂ ಒಂದೊಂದು ಕಿಲೋ ಉಪ್ಪಿನ ಪೊಟ್ಟಣ ಹಿಡಿದು ಕುರ್ಚಿಯಿಂದ ಏಳುತ್ತಿದ್ದರು. ವಾರಕ್ಕೆ ಮೂರು ದಿನ ಇದು, ಮಿಕ್ಕ ದಿನ ನಡಿಗೆ. ಮೊದಲು ಹತ್ತು ನಿಮಿಷ, ಸಮತಟ್ಟಾದ ರಸ್ತೆಯಲ್ಲಿ.

"ಮಾಡುವಾಗ ನೋಯುತ್ತದಲ್ಲ, ನಿಲ್ಲಿಸಬೇಕೇ?" ಎಂಬುದು ಎಲ್ಲರ ಪ್ರಶ್ನೆ. ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಕೊಳ್ಳಿ. ಐದರೊಳಗಿನ ನೋವು ಸಹ್ಯವಾದರೆ ಮುಂದುವರಿಸಿ. ಇಪ್ಪತ್ನಾಲ್ಕು ಗಂಟೆಯೊಳಗೆ ನೋವು ಮೊದಲಿನ ಮಟ್ಟಕ್ಕೆ ಇಳಿಯಬೇಕು, ಮಾರನೆಯ ಬೆಳಿಗ್ಗೆ ಊತ ಇರಬಾರದು. ಇಳಿಯಲಿಲ್ಲವೆಂದರೆ ನಿಲ್ಲಿಸಬೇಡಿ, ಕಡಿಮೆ ಮಾಡಿ. ನೋವು ಎಂದರೆ ಹಾನಿ ಎಂದು ನಾವು ಹುಟ್ಟಿನಿಂದ ನಂಬಿದ್ದೇವೆ. ವರ್ಷಗಟ್ಟಲೆ ಹಳೆಯ ಮಂಡಿನೋವಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಮೊದಲ ಎರಡು ವಾರ ನೋವು ತುಸು ಹೆಚ್ಚೇ ಆಗಬಹುದು ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮೂರನೆಯ ದಿನ ಬಿಟ್ಟುಹೋಗುತ್ತಾರೆ. ನಿಜವಾದ ಬದಲಾವಣೆಗೆ ಆರರಿಂದ ಹನ್ನೆರಡು ವಾರ ಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಮಂಡಿ ಮತ್ತು ಸೊಂಟದ ಕೀಲುನೋವಿನವರಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿದರು. ಎರಡು ತರಗತಿ ಪಾಠ, ಆರು ವಾರದಲ್ಲಿ ಹನ್ನೆರಡು ಸಲ ಮೇಲ್ವಿಚಾರಣೆಯಲ್ಲಿ ವ್ಯಾಯಾಮ, ಅಷ್ಟೇ. ಮಷೀನಿಲ್ಲ. ಈಗ ಅದು ಆಸ್ಟ್ರೇಲಿಯ, ಕೆನಡಾ ಮುಂತಾದ ದೇಶಗಳಿಗೂ ಹಬ್ಬಿದೆ. ಅಲ್ಲಿ ನನಗೆ ಇಷ್ಟವಾದದ್ದು ಪಾಠವನ್ನು ಮೊದಲು ಇಟ್ಟದ್ದು. ಹೆದರಿಕೆ ಹೋಗದೆ ಕಾಲು ಮೇಲೇಳುವುದಿಲ್ಲ.

ಆ ಅಮ್ಮ ಮೂರು ತಿಂಗಳಿಗೆ ತೋಟಕ್ಕೆ ಇಳಿದರು. ಇಳಿಜಾರಿನಲ್ಲಿ ನೋವು ಈಗಲೂ ಬರುತ್ತದೆ, ಮಳೆಗಾಲದಲ್ಲಿ ಬಿಗಿತವೂ ಇದೆ. ಕುರ್ಚಿ ಪರೀಕ್ಷೆಯಲ್ಲಿ ಆರು ಇದ್ದದ್ದು ಹದಿಮೂರಾಗಿದೆ. ಮಗ ಕುತೂಹಲಕ್ಕೆ ಮತ್ತೊಮ್ಮೆ ಎಕ್ಸ್‌ರೇ ತೆಗೆಸಿದ. ಅದು ಹೇಗಿತ್ತೋ ಹಾಗೆಯೇ ಇದೆ.

ನಾನು ಎಡವಿದ್ದನ್ನೂ ಹೇಳಬೇಕು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಎಡ ಮಂಡಿನೋವು ಎಂದು ಬಂದರು. ಮೂರು ವಾರ ತೊಡೆಯ ವ್ಯಾಯಾಮ ಮಾಡಿಸಿದೆ, ಒಂದಿಷ್ಟೂ ಗುಣವಿಲ್ಲ. ಒಂದು ದಿನ ಅವರು ಹೊರಡುವಾಗ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲಾಗದೆ ಹೆಂಡತಿಗೆ ಕಾಲು ಚಾಚಿದರು. "ಉಗುರು ಕತ್ತರಿಸುವುದೂ ಅವಳೇ" ಎಂದು ನಾಚಿಕೊಂಡರು. ಆಗ ನನ್ನ ತಲೆಗೆ ಬಡಿಯಿತು. ಮಲಗಿಸಿ ಕಾಲನ್ನು ಒಳಮುಖವಾಗಿ ತಿರುಗಿಸಿದರೆ ತೊಡೆಸಂದಿಯಲ್ಲಿ ಚೀರಿದರು. ಹಾಳಾಗಿದ್ದದ್ದು ಸೊಂಟದ ಕೀಲು. ಎರಡು ಕೀಲುಗಳಿಗೂ ಹಂಚಿಹೋಗುವ ನರಗಳಿವೆ, ಹಾಗಾಗಿ ಸೊಂಟದ ಕೀಲಿನ ನೋವು ಮಂಡಿಯಲ್ಲಿ ಮಾತಾಡುವುದುಂಟು. ಮೊದಲ ದಿನವೇ ನೋಡಬೇಕಾಗಿತ್ತು. ಅಂದಿನಿಂದ ಮಂಡಿ ಮುಟ್ಟುವ ಮೊದಲು ಸೊಂಟ ತಿರುಗಿಸುತ್ತೇನೆ. ನಿಮ್ಮ ಫಿಸಿಯೋ ಹಾಗೆ ಮಾಡದಿದ್ದರೆ ನೀವೇ ಕೇಳಿ.

ವ್ಯಾಯಾಮಕ್ಕೆ ಬಾರದೆ ನೇರ ವೈದ್ಯರ ಬಳಿಗೆ ಹೋಗಬೇಕಾದವರೂ ಇದ್ದಾರೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜೊತೆಗೆ ಜ್ವರ ಬಂದವರು ಅದೇ ದಿನ ಹೋಗಬೇಕು. ಬಿದ್ದ ಮೇಲೆ ನಾಲ್ಕು ಹೆಜ್ಜೆಯೂ ಊರಲಾಗದವರು, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡವರು, ಮೀನಖಂಡ ಊದಿ ನೋಯುವವರು, ಮಲಗಿದರೂ ಬಿಡದ ನೋವಿನ ಜೊತೆಗೆ ತೂಕ ಇಳಿಯುತ್ತಿರುವವರು. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತವಿದ್ದು ಕೈಬೆರಳುಗಳೂ ಊದುತ್ತಿದ್ದರೆ ಅದು ಸವೆತವಲ್ಲ, ಸಂಧಿವಾತ ಇರಬಹುದು. ಅದಕ್ಕೆ ಔಷಧ ಬೇರೆ.

ಇಂಜೆಕ್ಷನ್ ಮತ್ತು ಆಪರೇಷನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರವಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳ 156 ರೋಗಿಗಳಲ್ಲಿ ಅರ್ಧ ಜನರಿಗೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಅರ್ಧ ಜನರಿಗೆ ಫಿಸಿಯೋಥೆರಪಿ ಕೊಟ್ಟು ಒಂದು ವರ್ಷ ನೋಡಿದರು. ವರ್ಷದ ಕೊನೆಗೆ ಫಿಸಿಯೋಥೆರಪಿಯವರ ನೋವು ಮತ್ತು ತೊಂದರೆ ಕಡಿಮೆಯಿತ್ತು. ಮಂಡಿಯೊಳಗೆ ದುರ್ಬೀನು ಹಾಕಿ ತೊಳೆದು ನಯಗೊಳಿಸುವ ಆಪರೇಷನ್ ಒಂದು ಕಾಲಕ್ಕೆ ಬಹಳ ನಡೆಯುತ್ತಿತ್ತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಪರೀಕ್ಷೆ ಮಾಡಿದ್ದು 2002ರಲ್ಲಿ ಪ್ರಕಟವಾಯಿತು. ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದು ಆಪರೇಷನ್ ನಾಟಕ ಆಡಿದರು. ಎರಡು ವರ್ಷದ ನಂತರವೂ ನಿಜವಾದ ಆಪರೇಷನ್ ಆದವರು ನಾಟಕದವರಿಗಿಂತ ಮೇಲಾಗಿರಲಿಲ್ಲ. ಈ ಕಥೆ ಹೇಳುವಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ನಾವು ಹಚ್ಚುವ ಮಷೀನುಗಳನ್ನೂ ಹೀಗೆಯೇ ನೋಡಬೇಕಲ್ಲ.

ಕೀಲು ಬದಲಾವಣೆ ಬೇರೆ ಮಾತು. ಅದು ಒಳ್ಳೆಯ ಆಪರೇಷನ್. ನಮ್ಮಲ್ಲಿ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ, ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿ 54,720 ರೂಪಾಯಿಗೆ ಇಳಿಯಿತು, ತೆರಿಗೆ ಬೇರೆ. ಆಸ್ಪತ್ರೆಯ ಖರ್ಚು ಇದರ ಮೇಲೆ. ಡೆನ್ಮಾರ್ಕಿನಲ್ಲಿ ಕೀಲು ಬದಲಾವಣೆಗೆ ಅರ್ಹರಾದ 100 ಜನರನ್ನು ಎರಡು ಗುಂಪು ಮಾಡಿ ನೋಡಿದ್ದು 2015ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಿಗೆ ನೋವು ಹೆಚ್ಚು ಇಳಿಯಿತು, ನಿಜ. ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಆದರೆ ಆಪರೇಷನ್ ಇಲ್ಲದೆ ವ್ಯಾಯಾಮ, ತೂಕ ಇಳಿಕೆ, ಪಾಠ ಮುಂತಾದವನ್ನೇ ಪಡೆದ 50 ಜನರಲ್ಲಿ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 13 ಮಂದಿ ಮಾತ್ರ. ಹಾಗಾಗಿ ನನ್ನ ಮಾತು ಇಷ್ಟೇ: ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ. ಆಮೇಲೂ ರಾತ್ರಿ ನಿದ್ದೆಯಿಲ್ಲ, ಮನೆಯಿಂದ ಹೊರಬೀಳಲಾಗುವುದಿಲ್ಲ ಎಂದಾದರೆ ಆಪರೇಷನ್‌ಗೆ ಹೆದರಬೇಡಿ. ಬಲಿತ ತೊಡೆಯಿಂದ ಆಪರೇಷನ್‌ಗೆ ಹೋದವರು ಬೇಗ ಏಳುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಪರೇಷನ್ ಆದ ಮೇಲೆ ಮಂಡಿಯ ಕೆಳಗೆ ದಿಂಬಿಟ್ಟು ಮಲಗಬೇಡಿ. ಹಾಯೆನಿಸುತ್ತದೆ, ಆದರೆ ಮಂಡಿ ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ, ನೆಟ್ಟಗಾಗುವುದಿಲ್ಲ. ದಿಂಬು ಬೇಕಾದರೆ ಹಿಮ್ಮಡಿಯ ಕೆಳಗೆ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಎಣ್ಣೆ ತಿಕ್ಕುವುದರ ಬಗ್ಗೆ ಕೇಳಿದರು. ತಿಕ್ಕಿ, ತಪ್ಪೇನಿಲ್ಲ. ಎಣ್ಣೆ ಕೀಲಿನೊಳಗೆ ಇಳಿದು ಗ್ರೀಸ್ ಆಗುವುದಿಲ್ಲ. ಬಿಸಿ ಮತ್ತು ಉಜ್ಜುವ ಕೈಯ ಸುಖ ನಿಜ. ತಿಕ್ಕಿದ ಮೇಲೆ ಬಚ್ಚಲಲ್ಲಿ ಜಾರಬೇಡಿ, ಅಷ್ಟೇ ನನ್ನ ಆತಂಕ.

ಮಂಡಿಗೆ ನೀಕ್ಯಾಪ್ ಹಾಕಬಹುದೇ? ಪೇಟೆಗೆ, ಮದುವೆಗೆ ಹೋಗುವಾಗ ಹಾಕಿ. ದಿನವಿಡೀ ಹಾಕಿಕೊಂಡು ಅದನ್ನೇ ತೊಡೆಯೆಂದು ನಂಬಬೇಡಿ. ಊರುಗೋಲಿನ ಬಗ್ಗೆ ಕೇಳಿದ ಹಿರಿಯರಿಗೆ: ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಇಲ್ಲಿ ಮೂವರು ತಿರುಗಾಮುರುಗ ಹಿಡಿದು ಬಂದದ್ದನ್ನು ನೋಡಿದೆ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಬರುವಷ್ಟು ಎತ್ತರ ಸಾಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ತೂಕ ಇಳಿಸಿದರೆ ಎಷ್ಟು ಲಾಭ ಎಂದು ಕೇಳಿದ ಮೇಷ್ಟರಿಗೆ ಲೆಕ್ಕದಲ್ಲೇ ಉತ್ತರ ಇದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಒಂದು ಅಧ್ಯಯನ ಅಳೆದು ತೋರಿಸಿದೆ. ದಿನಕ್ಕೆ ಎಷ್ಟು ಹೆಜ್ಜೆ ಎಂದು ನೀವೇ ಗುಣಿಸಿಕೊಳ್ಳಿ.

ನೆಲದ ಮೇಲೆ ಕೂರಬಾರದೇ, ಪೂಜೆಗೆ, ಊಟದ ಪಂಕ್ತಿಗೆ? ಶಾಶ್ವತವಾಗಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೋವು ಕೆರಳಿದ ದಿನಗಳಲ್ಲಿ ಕುರ್ಚಿ, ಕಮೋಡು ಬಳಸಿ. ಇಳಿದ ಮೇಲೆ ಮೊದಲು ಎತ್ತರದ ಮಣೆ, ನಂತರ ಚಾಪೆ. ನೆಲದಿಂದ ಏಳಲು ಬರುವುದು ಒಂದು ವಿದ್ಯೆ. ಅದನ್ನು ಮರೆತವರು ಬಿದ್ದ ದಿನ ಏಳಲಾಗದೆ ಕಷ್ಟಪಡುತ್ತಾರೆ. ಆದರೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವುದು ಬೇರೆ. ಬೀಜಿಂಗಿನಲ್ಲಿ ಹಿರಿಯರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಹರೆಯದಲ್ಲಿ ದಿನಕ್ಕೆ ಬಹಳ ಹೊತ್ತು ಹಾಗೆ ಕೂತವರಲ್ಲಿ ಮಂಡಿ ಸವೆತ ಹೆಚ್ಚು ಕಂಡಿತ್ತು.

ಈ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. "ತಮ್ಮಾ, ನೀನು ಹೇಳಿದ್ದೆಲ್ಲ ಸರಿ. ಅಡಿಕೆ ಕೊಯ್ಲು ಬಂದರೆ ಎರಡು ತಿಂಗಳು ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವವಳಿಗೆ ಏನು ಹೇಳುತ್ತೀಯ?" ಎಂದರು. ಸಭೆಯ ಹೆಂಗಸರೆಲ್ಲ ನನ್ನ ಕಡೆ ನೋಡಿದರು.

ಕೊಯ್ಲಿನ ಕಾಲದಲ್ಲಿ ಸುಲಿಯುವುದು ಬಿಡಿ ಎನ್ನುವಷ್ಟು ದಡ್ಡ ನಾನಲ್ಲ. ಕೂರುವ ಮಣೆಯೂ ಕತ್ತಿಯೂ ಒಟ್ಟಿಗೆ ಏರುವಂತೆ ಮಾಡಿಸಿ, ಮಂಡಿ ಎದೆಗೆ ತಾಗದಷ್ಟು ಎತ್ತರ. ಒಂದು ಡಬ್ಬ ತುಂಬಿದ ಕೂಡಲೇ ಅದನ್ನು ಸುರಿಯಲು ನೀವೇ ಏಳಿ, ಮೊಮ್ಮಕ್ಕಳನ್ನು ಕರೆಯಬೇಡಿ. ಏಳುವಾಗ ಕೈ ಊರಬೇಡಿ. ಹತ್ತು ಡಬ್ಬಕ್ಕೆ ಹತ್ತು ಸಲ ಆಯಿತು, ಬೇರೆ ವ್ಯಾಯಾಮ ಆ ದಿನ ಬೇಡ ಎಂದೆ.

"ಬಡಗಿಗೆ ಎಷ್ಟು ಎತ್ತರ ಹೇಳಲಿ?" ಎಂದು ಕೇಳಿದರು.

ಒಂದು ಮೊಳ ಎಂದೆ. ಅವರು ತಮ್ಮ ಮೊಳಕೈಯನ್ನು ಕುರ್ಚಿಯ ಕಾಲಿಗೆ ಒತ್ತಿ ಹಿಡಿದು ನೋಡಿ, "ನಿನ್ನ ಮೊಳವೋ, ನನ್ನ ಮೊಳವೋ?" ಎಂದರು. ಅವರದ್ದೇ.